1791ರ ಬೆಂಗಳೂರು ಮುತ್ತಿಗೆ: ಹಲಸೂರು ಗೇಟಿಂದ ಕೋಟೆವರೆಗೆ ನಡೆಯೋದು ಹೇಗೆ?

ಭಾನುವಾರದ_ನಡಿಗೆ:
ಕದನ ನಡೆದ ಜಾಗವನ್ನ ಕಾಲ್ನಡಿಗೆಯಲ್ಲಿ ನೋಡಬೇಕು, ಅದೂ ಬೆಂಗಳೂರಿನೊಳಗೇ ಆಗಬೇಕು. ಜೊತೆಗೆ ಅರವತ್ತು ದಾಟಿದ ಇಬ್ಬರು, ಎಂಟನೇ ಕ್ಲಾಸಿನ ಒಬ್ಬ ಹುಡುಗ. ಬೆಟ್ಟ ಹತ್ತೋದು ಬೇಡ, ಮಧ್ಯಾಹ್ನದೊಳಗೆ ಮುಗೀಬೇಕು. ಮಾರ್ಕೆಟ್ ಹತ್ತಿರದ ಕೋಟೆಗೆ ಹೋದರೆ ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತೆ ಅಂತಾರೆ. ಸರಿಯಾದ ದಾರಿ, ದೂರ, ಹೊತ್ತು ಗೊತ್ತಿದ್ದವರು ಹೇಳಿ.

ಪೇಟೆಬೀದಿ:
ಕೋಟೆಗೆ ನೇರವಾಗಿ ಹೋಗಿ ಇಳಿದರೆ ಹತ್ತು ನಿಮಿಷವೇ ಸರ್, ಅದು ನಿಜ. ಆದರೆ 1791ರ ಕದನ ನಡೆದದ್ದು ಕೋಟೆಯಲ್ಲಿ ಮಾತ್ರ ಅಲ್ಲ. ಮಾರ್ಚ್ 7ಕ್ಕೆ ಪೇಟೆ ಬಿತ್ತು, ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಇವೆರಡರ ನಡುವಿನ ನೆಲವನ್ನೇ ನಡೆಯಬೇಕು. ಲಗ್ಗೆ ಹಾಕಿದ ಬ್ರಿಟಿಷರು ಬಂದ ದಿಕ್ಕಿನಲ್ಲೇ, ಪೂರ್ವದಿಂದ ಒಳಗೆ ಬನ್ನಿ. ಉಲ್ಟಾ ನಡೆದರೆ ಏನೂ ಅರ್ಥ ಆಗಲ್ಲ.

ನೇರಳೆ ಮಾರ್ಗದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿಯಿರಿ. ಕೆ.ಆರ್. ಸರ್ಕಲ್‌ನಿಂದ ನೃಪತುಂಗ ರಸ್ತೆ ಹಿಡಿದು ಹಡ್ಸನ್ ಸರ್ಕಲ್‌ವರೆಗೆ ಸುಮಾರು ಒಂದು ಕಿ.ಮೀ. ಈ ತುಂಡು ಮರದ ನೆರಳಿನಲ್ಲೇ ಸಾಗುತ್ತೆ, ಫುಟ್‌ಪಾತೂ ಚೆನ್ನಾಗಿದೆ. ಹಡ್ಸನ್ ಚರ್ಚ್ ಕಂಡರೆ ಸರ್ಕಲ್ ಬಂತು ಅಂತ ಲೆಕ್ಕ. ಈ ಆಸುಪಾಸಿನಲ್ಲೇ ಪೇಟೆಯ ಪೂರ್ವದ ಹೆಬ್ಬಾಗಿಲು ಇತ್ತು, ಹಲಸೂರು ಗೇಟ್. ಬಾಗಿಲ ಒಂದು ಕಲ್ಲೂ ಕಾಣಲ್ಲ, ಪೊಲೀಸ್ ಠಾಣೆಯ ಹೆಸರಲ್ಲಿ ಮಾತ್ರ ಉಳಿದಿದೆ.

ಕಾರ್ಪೊರೇಷನ್ ಕಡೆಗೆ ದಾಟಿ ಪಶ್ಚಿಮಕ್ಕೆ ತಿರುಗಿ ನಗರ್ತಪೇಟೆ ಬೀದಿ ಹಿಡಿಯಿರಿ. ಅವೆನ್ಯೂ ರಸ್ತೆ ಅಡ್ಡ ಸಿಗೋವರೆಗೆ ನೇರ ನಡೆಯೋದು, ಇದೂ ಹೆಚ್ಚುಕಮ್ಮಿ ಒಂದು ಕಿ.ಮೀ. ಅವೆನ್ಯೂ ರಸ್ತೆ ಅಂದರೆ ಹಳೇ ದೊಡ್ಡಪೇಟೆ. ಅದನ್ನ ದಾಟಿದರೆ ಅದೇ ಬೀದಿ ಚಿಕ್ಕಪೇಟೆ ಅಂತ ಮುಂದುವರಿಯುತ್ತೆ. ಆ ಚೌಕದಲ್ಲಿ ಎಡಕ್ಕೆ, ಅಂದರೆ ದಕ್ಷಿಣಕ್ಕೆ ತಿರುಗಿ. ಅರ್ಧ ಕಿ.ಮೀ. ನಡೆದರೆ ಮಾರ್ಕೆಟ್. ಅಲ್ಲಿಂದ ರಸ್ತೆ ದಾಟಿದರೆ ಕೋಟೆಯ ದೆಹಲಿ ಬಾಗಿಲು. ಅದು ನೋಡಿಕೊಂಡು ಕೆ.ಆರ್. ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ಸುಮಾರು 450 ಮೀಟರ್ ಹೋದರೆ ಟಿಪ್ಪು ಅರಮನೆ, ಪಕ್ಕದಲ್ಲೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ವಾಪಸ್ ಬರೋಕೆ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿಕೊಂಡರೆ ನೇರಳೆ.

ಒಟ್ಟು ಮೂರೂಕಾಲು ಕಿ.ಮೀ. ನಿಂತು ನೋಡಿಕೊಂಡು ಹೋದರೆ ಎರಡೂವರೆಯಿಂದ ಮೂರು ಗಂಟೆ. ಏರಿಳಿತ ಇಲ್ಲ ಅಂತಲೇ ಅನ್ನಬಹುದು.

ಗಿರಿನಗರ_ಗೆಳೆಯ:
ನಗರ್ತಪೇಟೆಯಲ್ಲಿ ಮ್ಯಾಪ್ ನಂಬಬೇಡಿ. ಎರಡೂ ಕಡೆ ಮೂರು ನಾಲ್ಕು ಮಹಡಿ, ನಡುವೆ ಕಿರಿದಾದ ಬೀದಿ. ಫೋನಿನಲ್ಲಿ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರಿಬಿಡುತ್ತೆ. ಅವೆನ್ಯೂ ರಸ್ತೆ ಎತ್ತ ಅಂತ ಅಂಗಡಿಯವರನ್ನ ಕೇಳಿದರೆ ಸಾಕು. ಆಟೋದವರಿಗೂ ಅಷ್ಟೇ, ಬರೀ 'ಕೋಟೆ' ಅಂದರೆ ಇನ್ನೆಲ್ಲೋ ಇಳಿಸ್ತಾರೆ. ಶುರುವಿಗೆ 'ಕಾರ್ಪೊರೇಷನ್', ಕೊನೆಗೆ 'ಕೋಟೆ ವೆಂಕಟರಮಣ ದೇವಸ್ಥಾನ' ಅಂತ ಹೇಳಿ.

ಮದ್ದಿನಮನೆ:
ಪೇಟೆಬೀದಿಯವರು ದಾರಿ ಹೇಳಿದ್ದಾರೆ. ಆ ದಾರಿಯೇ ಯಾಕೆ ಅನ್ನೋದನ್ನ ಹುಡುಗನಿಗೆ ಹೇಳಲು ಬೇಕಾಗುತ್ತೆ, ಅದಕ್ಕೆ ಬರೀತಿದ್ದೀನಿ.

ಇದು ಟಿಪ್ಪುವಿಗೂ ಬ್ರಿಟಿಷರಿಗೂ ನಡೆದ ಮೂರನೇ ಮೈಸೂರು ಯುದ್ಧ, 1790ರಿಂದ 92. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮುಗಳಿ ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ಹಿಡಿದುಕೊಂಡು 1791ರ ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ಬಂದು ನಿಂತ. ಆಗ ಊರು ಅಂದರೆ ಎರಡು ಭಾಗ. ಉತ್ತರಕ್ಕೆ ಪೇಟೆ, ಅದಕ್ಕೆ ಅಂಟಿಕೊಂಡಂತೆ ದಕ್ಷಿಣಕ್ಕೆ ಕೋಟೆ. ಪೇಟೆಗೆ ಇದ್ದದ್ದು ಸಾಧಾರಣ ಗೋಡೆ. ಆದರೆ ಅದರ ಕಂದಕ ಚೆನ್ನಾಗಿತ್ತು. ಕಂದಕಕ್ಕೂ ಗೋಡೆಗೂ ನಡುವೆ ನುಗ್ಗಲಾಗದ ಮುಳ್ಳುಪೊದೆ ಬೆಳೆಸಿದ್ದರು. ಪೇಟೆಯ ಗಟ್ಟಿತನ ಇದ್ದದ್ದು ಆ ಮುಳ್ಳಿನಲ್ಲೇ. ಹಾಗಾಗಿ ಎಲ್ಲೆಂದರಲ್ಲಿ ಏಣಿ ಹಾಕೋಕೆ ಆಗುತ್ತಿರಲಿಲ್ಲ, ಬಾಗಿಲನ್ನೇ ಒಡೀಬೇಕಿತ್ತು. ಮಾರ್ಚ್ 7ರ ಬೆಳಗ್ಗೆ ಹಲಸೂರು ಗೇಟಿನ ಮೇಲೆ ಬಿದ್ದದ್ದು ಅದಕ್ಕೇ. ಫಿರಂಗಿ ತಂದು ಬಾಗಿಲಿಗೇ ಹೊಡೆದರು. ಆ ಫಿರಂಗಿ ದಳದ ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ಸಾವನ್ನ ಚಿತ್ರಿಸಿದ್ದಾನೆ. ಹೋಗುವ ಮುಂಚೆ ಆ ಚಿತ್ರ ಫೋನಿಗೆ ಇಳಿಸಿಕೊಳ್ಳಿ, ಹಡ್ಸನ್ ಸರ್ಕಲ್‌ನಲ್ಲಿ ನಿಂತು ತೋರಿಸೋಕೆ ಬೇರೇನೂ ಇಲ್ಲ.

ಪೇಟೆ ಯಾಕೆ ಮೊದಲು? ಕಾಳು ಮತ್ತು ಮೇವು. ಅವರ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು, ಎತ್ತಿಲ್ಲದೆ ಭಾರದ ಫಿರಂಗಿ ಒಂದಡಿ ಸರಿಯಲ್ಲ. ಎರಡನೇ ಕಾರಣ ಮರೆ. ಪೇಟೆಯ ದಕ್ಷಿಣದ ಅಂಚು ಕೋಟೆಯ ಉತ್ತರ ಬಾಗಿಲಿನ ಎದುರಿಗೇ ಇದೆ. ಮನೆಗಳ ಮರೆಯಿಂದ ಫಿರಂಗಿ ಸಾಲು ಕಟ್ಟಬಹುದು. ಟಿಪ್ಪುವಿಗೂ ಇದು ಗೊತ್ತಿತ್ತು. ಅದೇ ದಿನ ಕಮರುದ್ದೀನ್ ಕೈಕೆಳಗೆ ಪಡೆ ಕಳಿಸಿ ಪೇಟೆ ವಾಪಸ್ ಪಡೆಯಲು ನೋಡಿದ. ಬೀದಿಬೀದಿಯಲ್ಲಿ ಕೈಕೈ ಕಾಳಗ ನಡೀತು, ಆಗಲಿಲ್ಲ. ನಗರ್ತಪೇಟೆಯಲ್ಲಿ ನಡೆಯುವಾಗ ಬೀದಿಯ ಅಗಲ ನೋಡಿ. ಇಂಥ ಕಡೆ ದೊಡ್ಡ ಪಡೆ ಇದ್ದೂ ಪ್ರಯೋಜನ ಇಲ್ಲ, ಮುಂದಿನ ಸಾಲು ಮಾತ್ರ ಹೋರಾಡುತ್ತೆ.

ಆಮೇಲೆ ಎರಡು ವಾರ ವಿಚಿತ್ರ ಸ್ಥಿತಿ. ಕೋಟೆಯನ್ನ ಪೂರ್ತಿ ಸುತ್ತುವರಿಯುವಷ್ಟು ಜನ ಕಾರ್ನ್‌ವಾಲಿಸ್ ಹತ್ತಿರ ಇಲ್ಲ. ಟಿಪ್ಪು ಇಡೀ ಸೈನ್ಯದೊಂದಿಗೆ ಹೊರಗಿದ್ದಾನೆ. ಮುತ್ತಿಗೆ ಹಾಕಿದವರಿಗೇ ಮುತ್ತಿಗೆ.

ಬಸವನಗುಡಿ_ಬೆಂಚು:
ಇಷ್ಟೆಲ್ಲ ಓದೋಕೆ ಚೆಂದ. ನೋಡೋಕೆ ಏನಿದೆ ಅಲ್ಲಿ? ಒಂದು ಬಾಗಿಲು, ಎರಡು ಕೊತ್ತಲ. ಅದರ ಸುತ್ತ ಬಸ್ಸು, ಹಾರ್ನು, ಕೊತ್ತಂಬರಿ ಸೊಪ್ಪು. ಹುಡುಗನಿಗೆ ಕದನದ ಜಾಗ ತೋರಿಸಬೇಕು ಅಂದರೆ ಶ್ರೀರಂಗಪಟ್ಟಣಕ್ಕೇ ಕರಕೊಂಡು ಹೋಗಿ. ರೈಲು ನಿಲ್ದಾಣ ಕೋಟೆಯೊಳಗೇ ಇದೆ. ವಾಯವ್ಯ ಮೂಲೆಯಲ್ಲಿ 1799ರ ಮೇ 4ರಂದು ಗೋಡೆ ಒಡೆದ ಕಡೆ ನಿಲ್ಲಬಹುದು, ಹತ್ತಿರದಲ್ಲೇ 1907ರ ಸ್ಮಾರಕ ಸ್ತಂಭ. ಟಿಪ್ಪು ಬಿದ್ದ ಜಾಗ, ಬೈಲಿ ಸೆರೆಮನೆ, ಎಲ್ಲಾ ನಡಿಗೆಯ ದೂರದಲ್ಲಿ.

ಪೇಟೆಬೀದಿ:
ಶ್ರೀರಂಗಪಟ್ಟಣ ಬೇಡ ಅಂದವರು ಯಾರು ಸರ್. ಅದು ಹೋಗಿಬರೋದೇ 250 ಕಿ.ಮೀ., ಇವರು ಕೇಳಿದ್ದು ಮಧ್ಯಾಹ್ನದೊಳಗೆ ಮುಗಿಯೋದು. ಇನ್ನು ಮಾರ್ಕೆಟ್ ಗಲಾಟೆ ಬಗ್ಗೆ: ಮಾರ್ಕೆಟ್ ಇರೋ ಜಾಗವೇ ಕದನದ ಬಯಲು. ಪೇಟೆಗೂ ಕೋಟೆಗೂ ನಡುವಿನ ತೆರವು ನೆಲ ಅದು. ಸಿದ್ದಿಕಟ್ಟೆ ಅನ್ನೋ ಕೆರೆ ಅಲ್ಲಿತ್ತು. ಮಾರ್ಕೆಟ್ ಕಟ್ಟಡ ಬಂದದ್ದು 1920ರ ದಶಕದಲ್ಲಿ. ಅವೆನ್ಯೂ ರಸ್ತೆ ಮುಗಿಯೋ ಕಡೆ ನಿಂತು ಕೋಟೆ ಕಡೆ ನೋಡಿ, ಎಷ್ಟು ಹತ್ತಿರ ಅನ್ನೋದು ಕಣ್ಣಿಗೇ ಗೊತ್ತಾಗುತ್ತೆ. ಪೇಟೆ ಕೈಬಿಟ್ಟ ಮೇಲೆ ಕೋಟೆ ಉಳಿಸಿಕೊಳ್ಳೋದು ಯಾಕೆ ಕಷ್ಟ ಅನ್ನೋದು ಆ ಅಂತರದಲ್ಲೇ ಇದೆ. ಇದನ್ನ ಯಾವ ಫಲಕವೂ ಹೇಳಲ್ಲ.

ಕಲ್ಲುಗಾರೆ:
ದೆಹಲಿ ಬಾಗಿಲಲ್ಲಿ ಹತ್ತು ನಿಮಿಷದಲ್ಲಿ ಮುಗಿಸುವವರು ನೇರ ಒಳಗೆ ಹೋಗಿ ಫೋಟೊ ತೆಗೆದು ಬರೋರು. ನಿಧಾನವಾಗಿ ನೋಡಿದರೆ ಮುಕ್ಕಾಲು ಗಂಟೆ ಬೇಕು.

ಮೊದಲು ದಾರಿ ತಿರುಗುವುದನ್ನ ಗಮನಿಸಿ. ಹೊರಬಾಗಿಲಿಂದ ಒಳಬಾಗಿಲು ನೇರಕ್ಕೆ ಕಾಣಲ್ಲ, ಬೇಕೆಂದೇ ಸೊಟ್ಟಗೆ ಇಟ್ಟಿದ್ದಾರೆ. ಆನೆಯಾಗಲಿ ಮರದ ದಿಮ್ಮಿಯಾಗಲಿ ಓಡಿಬಂದು ಗುದ್ದಬೇಕಾದರೆ ನೇರವಾದ ದೂರ ಬೇಕು. ತಿರುವು ಕೊಟ್ಟರೆ ಆ ವೇಗವೇ ಸಿಗಲ್ಲ. ತಿರುಗುವ ಹೊತ್ತಿನಲ್ಲಿ ಪಕ್ಕೆ ಪೂರ್ತಿ ಮೇಲಿನವರ ಬಂದೂಕಿಗೆ ತೆರೆದಿರುತ್ತೆ. ಬಾಗಿಲ ಹಲಗೆಗಳಲ್ಲಿ ಕಬ್ಬಿಣದ ಗುಬ್ಬಿಗಳಿವೆ, ಅವನ್ನೂ ನೋಡಿ.

ಆಮೇಲೆ ಗೋಡೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ, ಈಗ ಕಾಣುವ ಕಲ್ಲಿನದು ಹೈದರಾಲಿ 1761ರಲ್ಲಿ ಕಟ್ಟಿಸಿದ್ದು. ಕೆಳಗೆ ದಪ್ಪ ಕಲ್ಲು, ಮೇಲಿನ ಅಂಚಿನಲ್ಲಿ ಇಟ್ಟಿಗೆ-ಗಾರೆ. ಇದು ಅಂದಕ್ಕಲ್ಲ. ಗುಂಡು ಬಡಿದಾಗ ಕಲ್ಲು ಸಿಡಿದು ಚೂರು ಒಳಗಿನವರಿಗೇ ತಗಲುತ್ತೆ. ಇಟ್ಟಿಗೆ ಪುಡಿಯಾಗಿ ಅಲ್ಲೇ ಉದುರುತ್ತೆ, ರಿಪೇರಿಯೂ ಸುಲಭ. ಮೇಲಿನ ಕಿಂಡಿಗಳ ಹತ್ತಿರ ಬಗ್ಗಿ ನೋಡಿ, ಒಳಗಡೆ ಅಗಲ, ಹೊರಗಡೆ ಕಿರಿದು. ಕೆಲವು ಕೆಳಮುಖ ಇಳಿಜಾರು, ಬುಡದಲ್ಲಿ ನಿಂತವರಿಗೆ ಗುರಿ ಇಡೋಕೆ.

ಬಾಗಿಲ ಪಕ್ಕದಲ್ಲಿ, ತೋರಣದ ಮೇಲೆ ಗಾರೆಯ ಕೆತ್ತನೆ ಇದೆ. ಕಮಲ, ನವಿಲು, ಹೂಬಳ್ಳಿ. ಒಳಗೊಂದು ಗಣಪತಿ ಗುಡಿ ಇದೆ, ಅಲ್ಲಿ ಪೂಜೆ ಈಗಲೂ ನಡೀತದೆ. ಯುದ್ಧದ ಬಾಗಿಲಿಗೆ ಯಾಕಿಷ್ಟು ಕುಸುರಿ ಅಂತ ಹುಡುಗರು ಕೇಳೇ ಕೇಳ್ತಾರೆ. ಶಾಂತಿ ಕಾಲದಲ್ಲಿ ಊರಿಗೆ ಬಂದವರು ಮೊದಲು ನೋಡೋದು ಇದನ್ನೇ ಅಲ್ವಾ.

ಎಚ್ಚರ: ಮಳೆ ಬಿದ್ದ ದಿನ ಒಳದಾರಿಯ ಚಪ್ಪಡಿ ಜಾರುತ್ತೆ, ಜನ ನಡೆದು ನಡೆದು ನುಣುಪಾಗಿದೆ. ಕಮಾನಿನ ಕೆಳಗಿನ ಕೋಣೆಗಳು ಕತ್ತಲು, ಹೊಸ್ತಿಲು ಎತ್ತರ. ಫೋನಿನ ಬೆಳಕು ಹಾಕಿಕೊಂಡೇ ಕಾಲಿಡಿ.

ಗಿರಿನಗರ_ಗೆಳೆಯ:
ಕೋಟೆ ಒಡೆದ ಜಾಗದ ಫಲಕ ಎಲ್ಲಿ ಅಂತ ಹೇಳಲೇ ಇಲ್ಲ ಯಾರೂ. ಒಳಗೆಲ್ಲ ಹುಡುಕಿ ವಾಪಸ್ ಬರ್ತಾರೆ ಜನ.

ಕಲ್ಲುಗಾರೆ:
ಒಳಗಿಲ್ಲ, ಹೊರಗಿದೆ. ಕೆ.ಆರ್. ರಸ್ತೆ ಕಡೆಯ ಹೊರಗೋಡೆಯಲ್ಲಿ ಹುದುಗಿಸಿರುವ ಕಲ್ಲು. ಈ ಕಂಡಿಯ ಮೂಲಕ ಬ್ರಿಟಿಷರ ಲಗ್ಗೆ ನಡೆಯಿತು, ಮಾರ್ಚ್ 21, 1791 ಅಂತ ಇಂಗ್ಲಿಷಿನಲ್ಲಿದೆ. ಬಾಗಿಲಿಂದ ಹೊರಬಂದು ಫುಟ್‌ಪಾತಿನಲ್ಲೇ ಗೋಡೆ ಪಕ್ಕ ನಡೆಯಿರಿ. ಗಾಡಿ ನಿಲ್ಲಿಸಿದ್ದರೆ, ಅಂಗಡಿ ಇಟ್ಟಿದ್ದರೆ ಮರೆಯಾಗಿಬಿಡುತ್ತೆ, ಅದಕ್ಕೇ ತಪ್ಪಿಹೋಗೋದು. ಓದೋಕೆ ಫುಟ್‌ಪಾತಿಂದ ಕೆಳಗಿಳಿದು ಹಿಂದೆ ಹಿಂದೆ ಸರಿಯಬೇಡಿ, ಬೆನ್ನ ಹಿಂದೆ ಬಸ್ಸು.

ದುರಸ್ತಿ ಕೆಲಸ ನಡೆಯುವಾಗ ಕೋಟೆ ಬಾಗಿಲು ಮುಚ್ಚಿರೋದುಂಟು. ಆಗಲೂ ಈ ಫಲಕ, ಹೊರಗೋಡೆ, ಕೊತ್ತಲ ನೋಡೋಕೆ ಅಡ್ಡಿ ಇಲ್ಲ.

ಮದ್ದಿನಮನೆ:
ಫಲಕದ ಮುಂದೆ ಹೇಳಬೇಕಾದ್ದು: ಲಗ್ಗೆ ನಡೆದದ್ದು ರಾತ್ರಿ ಸುಮಾರು 11 ಗಂಟೆಗೆ, ಹುಣ್ಣಿಮೆ ಆಸುಪಾಸಿನ ಬೆಳದಿಂಗಳಲ್ಲಿ. ಗೋಡೆ ಒಡೆದದ್ದು ಪೂರ್ತಿ ಹದವಾಗಿರಲಿಲ್ಲ. ಆದರೂ ಕಾಯೋ ಹಾಗಿರಲಿಲ್ಲ, ಟಿಪ್ಪು ಹೊರಗಿಂದ ಫಿರಂಗಿ ಸಾಲಿನ ಮೇಲೆ ಬೀಳುವ ಸೂಚನೆ ಇತ್ತು. ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹಾದುರ್ ಖಾನ್ ಒಡೆದ ಜಾಗದಲ್ಲೇ ನಿಂತು ಹೋರಾಡಿ ಸತ್ತ. ಆತನ ಧೈರ್ಯವನ್ನ ಎದುರಾಳಿಗಳೇ ಬರೆದಿಟ್ಟಿದ್ದಾರೆ. ಫಲಕದಲ್ಲಿ ಆತನ ಹೆಸರಿಲ್ಲ, ನೀವೇ ಹೇಳಬೇಕು.

1792ರ ಮಾರ್ಚ್‌ನ ಶ್ರೀರಂಗಪಟ್ಟಣದ ಒಪ್ಪಂದದ ಮೇಲೆ ಬೆಂಗಳೂರು ಟಿಪ್ಪುವಿಗೆ ವಾಪಸ್ ಬಂತು. ಬಂದಮೇಲೆ ಟಿಪ್ಪು ತಾನೇ ಈ ಕೋಟೆಯ ಭಾಗಗಳನ್ನ ಕೆಡವಿಸಿದ. ಶತ್ರು ಕೈಗೆ ಸಿಕ್ಕರೆ ಅವರಿಗೇ ನೆಲೆಯಾಗುತ್ತೆ ಅನ್ನೋದು ಅನುಭವದಿಂದ ಗೊತ್ತಾಗಿತ್ತಲ್ಲ. ಮತ್ತೆ ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ. ಉಳಿದದ್ದನ್ನ ಆಮೇಲಿನ ರಸ್ತೆ, ಆಸ್ಪತ್ರೆ, ಶಾಲೆಗಳು ನುಂಗಿದವು.

ತರಗತಿ_ಎಂಟು:
ಶಾಲೆಯ ಪಠ್ಯದಲ್ಲಿ ಮೈಸೂರು ಯುದ್ಧಗಳು ಬರುತ್ತೆ, ಹಾಗಾಗಿ ಮಕ್ಕಳಿಗೆ ಉಪಯೋಗ. ಒಂದು ಸಣ್ಣ ಕೆಲಸ ಕೊಡಿ: ದೆಹಲಿ ಬಾಗಿಲಿಂದ ಟಿಪ್ಪು ಅರಮನೆವರೆಗೆ ಹೆಜ್ಜೆ ಎಣಿಸಲಿ. ಆ ದೂರ ಪೂರ್ತಿ ಕೋಟೆಯ ಒಳಗಿನದು. ಕೋಟೆ ಮೊಟ್ಟೆಯಾಕಾರದಲ್ಲಿತ್ತು, ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಅರಮನೆ, ವೆಂಕಟರಮಣ ದೇವಸ್ಥಾನ ಎರಡೂ ಗೋಡೆಯೊಳಗೆ. ಬಾಗಿಲಿಂದ ಹೊರಬಂದ ತಕ್ಷಣ ಕೋಟೆ ಮುಗೀತು ಅಂತ ದೊಡ್ಡವರೂ ಅಂದುಕೊಳ್ತಾರೆ. ಹೆಜ್ಜೆ ಎಣಿಸಿದ ಮೇಲೆ ಅಳತೆ ತಲೆಗೆ ಹೋಗುತ್ತೆ.

ಅರಮನೆ ಹೈದರಾಲಿ 1781ರಲ್ಲಿ ಶುರು ಮಾಡಿಸಿದ್ದು, ಟಿಪ್ಪು ಮುಗಿಸಿದ್ದು 1791ರಲ್ಲಿ. ಕೋಟೆ ಬಿದ್ದ ವರ್ಷವೇ! ತೇಗದ ಕಂಬ, ಗೋಡೆಯ ಬಣ್ಣದ ಚಿತ್ತಾರ ಮಾಸಿದೆ, ಆದರೂ ಒಳಮೂಲೆಗಳಲ್ಲಿ ಮೂಲ ಬಣ್ಣ ಸಿಗುತ್ತೆ. ದೇವಸ್ಥಾನ ಇದಕ್ಕೂ ಹಳೆಯದು, ಚಿಕ್ಕದೇವರಾಜ ಒಡೆಯರ ಕಾಲದ್ದು, 1689.

ಮಾರ್ಕೆಟ್_ಮಂದಿ:
ಹೊತ್ತಿನ ವಿಷಯಕ್ಕೆ ಬನ್ನಿ, ಎಲ್ಲ ಕೆಡೋದು ಅಲ್ಲೇ. ಕೋಟೆ, ಅರಮನೆ ಎರಡೂ ತೆರೆಯೋದು ಬೆಳಗ್ಗೆ 8.30ಕ್ಕೆ, ಮುಚ್ಚೋದು ಸಂಜೆ 5.30ಕ್ಕೆ. ತಂಪು ಹೊತ್ತು ಅಂತ 6.30ಕ್ಕೇ ಶುರು ಮಾಡಿದರೆ 8 ಗಂಟೆಗೆ ಮುಚ್ಚಿದ ಬಾಗಿಲ ಮುಂದೆ ನಿಂತಿರ್ತೀರಿ. ಹಡ್ಸನ್ ಸರ್ಕಲ್ 7.30ಕ್ಕೆ ಬಿಟ್ಟರೆ ಲೆಕ್ಕ ಸರಿಹೋಗುತ್ತೆ, ಮಾರ್ಕೆಟ್ಟಿನ ಹೂವಿನ ಭಾಗವನ್ನೂ ಒಮ್ಮೆ ನೋಡಬಹುದು.

ಭಾನುವಾರವೇ ಒಳ್ಳೇದು. ವಾರದ ದಿನ ಹತ್ತು ಗಂಟೆ ಮೇಲೆ ನಗರ್ತಪೇಟೆಯಲ್ಲಿ ತಳ್ಳುಗಾಡಿ, ಬಟ್ಟೆಯ ಮೂಟೆ ಹೊತ್ತವರು, ಸ್ಕೂಟರ್. ವಯಸ್ಸಾದವರ ಜೊತೆ ಹೋಗೋಕೆ ಆಗಲ್ಲ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ಬೀದಿಯ ಅಗಲ ಆಗಲೇ ಕಣ್ಣಿಗೆ ಕಾಣೋದು. ಎರಡು ತೊಡಕು: ಭಾನುವಾರ ಮೆಟ್ರೊ ಬೇರೆ ದಿನಕ್ಕಿಂತ ತಡವಾಗಿ ಶುರುವಾಗುತ್ತೆ, ಮತ್ತೆ ಹೊತ್ತೇರಿದಂತೆ ಅವೆನ್ಯೂ ರಸ್ತೆ ಸುತ್ತ ಹಳೇ ಸಾಮಾನಿನ ಸಂತೆ ತುಂಬಿಕೊಳ್ಳುತ್ತೆ. ಒಂಬತ್ತರ ಮುಂಚೆ ಅದನ್ನ ದಾಟಿಬಿಡಿ.

ಗೌರಿ-ಗಣೇಶ, ಆಯುಧಪೂಜೆ, ವರಮಹಾಲಕ್ಷ್ಮಿ ಮುಂಚಿನ ಮೂರು ದಿನ ಆ ಕಡೆ ತಲೆ ಹಾಕಬೇಡಿ. ಬೂದುಕುಂಬಳಕಾಯಿ, ಬಾಳೆಕಂದು, ಹೂವಿನ ರಾಶಿ ರಸ್ತೆಗೇ ಬಂದಿರುತ್ತೆ.

ಕಾಲಿಗೆ ಮುಚ್ಚಿದ ಶೂ. ಮಾರ್ಕೆಟ್ ಮುಂದಿನ ನೆಲ ಬೇಸಿಗೆಯಲ್ಲೂ ಒದ್ದೆ, ಸೊಪ್ಪಿನ ಕಸ ಜಾರುತ್ತೆ. ತಲಾ ಒಂದು ಲೀಟರ್ ನೀರು. ಬ್ಯಾಗ್ ಎದೆ ಮೇಲೆ. ಶೌಚಾಲಯ ಮೆಟ್ರೊ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ, ಪೇಟೆಯೊಳಗೆ ಹುಡುಕೋದು ಕಷ್ಟ. ಮಾರ್ಕೆಟ್ ಮುಂದೆ ರಸ್ತೆ ದಾಟೋಕೆ ಸುರಂಗದಾರಿ ಇದೆ, ಮೇಲ್ಸೇತುವೆ ಕೆಳಗೆ ಬಸ್ಸುಗಳ ನಡುವೆ ನುಸುಳೋ ಸಾಹಸ ಬೇಡ.

ಮಂಡಿನೋವು:
ಸುರಂಗದಾರಿ ಅಂದರೆ ಮೆಟ್ಟಿಲು. ಮಂಡಿ ನೋವಿರುವವರು ಪೇಟೆ ಭಾಗ ಬಿಟ್ಟುಬಿಡಿ. ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ. ಅಲ್ಲಿಂದ ಕೋಟೆ, ಫಲಕ, ಅರಮನೆ, ದೇವಸ್ಥಾನ ಅಂತ ಒಂದು ಕಿ.ಮೀ. ಒಳಗೆ ಮುಗಿಯುತ್ತೆ, ಎಲ್ಲ ಒಂದೇ ರಸ್ತೆಯ ಸಾಲಿನಲ್ಲಿ. ಗಾಲಿಕುರ್ಚಿಗೆ ಕೋಟೆಯ ಹೊಸ್ತಿಲು ಮತ್ತು ಒರಟು ಚಪ್ಪಡಿ ತೊಂದರೆ, ಹಿಂದಿನಿಂದ ಒಬ್ಬರು ಎತ್ತಿಕೊಡಬೇಕು. ಅರಮನೆಯ ಕೆಳಮಹಡಿ ಪರವಾಗಿಲ್ಲ. ಮೇಲ್ಮಹಡಿಯ ಮೆಟ್ಟಿಲು ಕಿರಿದು, ಕಡಿದು. ಇಳಿಯುವಾಗ ಪಕ್ಕಕ್ಕೆ ತಿರುಗಿ ಇಳಿದರೆ ವಾಸಿ. ಅರಮನೆಗೆ ಟಿಕೆಟ್ ಇದೆ, ಗೇಟಲ್ಲಿ ಕೋಡ್ ಸ್ಕ್ಯಾನ್ ಮಾಡಿ ತಗೊಂಡರೆ ಸಾಲು ನಿಲ್ಲಬೇಕಿಲ್ಲ.

ಬಸವನಗುಡಿ_ಬೆಂಚು:
ಸತ್ತವರ ಸ್ಮಾರಕ ಒಂದಿತ್ತಲ್ಲ ಕಾರ್ಪೊರೇಷನ್ ಹತ್ತಿರ, ಅದೇನಾಯ್ತು?

ಪೇಟೆಬೀದಿ:
ಅದು ಈ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರಿಗೆ ಎತ್ತಿದ್ದು. ಸೆನೊಟಾಫ್ ಅಂತಿದ್ದರು, ನೃಪತುಂಗ ರಸ್ತೆಗೂ ಮುಂಚೆ ಅದರದೇ ಹೆಸರು. ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ 1964ರಲ್ಲಿ ಕೆಡವಿದರು. ಹಾಗಾಗಿ ಮೊದಲ ಒಂದು ಕಿ.ಮೀ. ಕೂಡ ಈ ಕಥೆಯ ಭಾಗವೇ, ಆಟೋದಲ್ಲಿ ಹಾರಿಸಬೇಡಿ.

ಇರಬೇಕಿತ್ತು ಅನ್ನೋರಿದ್ದಾರೆ, ಹೋದದ್ದೇ ಸರಿ ಅನ್ನೋರಿದ್ದಾರೆ. ಆ ಜಗಳ ಇಲ್ಲಿ ಬೇಡ.

ಮದ್ದಿನಮನೆ:
2012ರಲ್ಲಿ ಮೆಟ್ರೊಗೆ ಅಗೆಯುವಾಗ ಇದೇ ಕೋಟೆ ಹತ್ತಿರ ಎರಡು ಫಿರಂಗಿ ಸಿಕ್ಕಿದ್ದವು. ಕೆ.ಆರ್. ರಸ್ತೆಯ ಟಾರಿನ ಕೆಳಗೆ ಇನ್ನೂ ಏನೇನಿದೆಯೋ.

ಭಾನುವಾರದ_ನಡಿಗೆ:
ಇಷ್ಟು ಸಾಕು. ಕೊನೆಯದೊಂದು: ಫೋಟೊ ತೆಗೆಯೋಕೆ ಅಡ್ಡಿ ಇದೆಯೇ? ತಿಂಡಿ ಎಲ್ಲಿ?

ಕಲ್ಲುಗಾರೆ:
ಫೋನಲ್ಲಿ ತೆಗೆಯೋಕೆ ಅಡ್ಡಿ ಇಲ್ಲ. ಸ್ಟ್ಯಾಂಡ್ ಹಾಕಿದರೆ ಪುರಾತತ್ವ ಇಲಾಖೆಯ ಅನುಮತಿ ಕೇಳ್ತಾರೆ, ಡ್ರೋನ್ ಅಂತೂ ತರಲೇಬೇಡಿ. ಬೆಳಗ್ಗೆ ಬಾಗಿಲ ಹೊರಮೈ ನೆರಳಲ್ಲಿರುತ್ತೆ, ಕೆತ್ತನೆಗೆ ಓರೆ ಬೆಳಕು ಬೇಕಾದರೆ ಮಧ್ಯಾಹ್ನದ ಮೇಲೆ ಬರಬೇಕು.

ಮಾರ್ಕೆಟ್_ಮಂದಿ:
ತಿಂಡಿ ಶುರುವಿನಲ್ಲೇ ಮುಗಿಸಿ. ಅಥವಾ ದೇವಸ್ಥಾನ ನೋಡಿಕೊಂಡು ಚಾಮರಾಜಪೇಟೆ ಕಡೆಗೆ ಐದು ನಿಮಿಷ ನಡೆಯಿರಿ, ದರ್ಶಿನಿಗಳು ಸಾಲಾಗಿವೆ. ಭಾನುವಾರ ಹತ್ತೂವರೆ ಮೇಲೆ ಇಡ್ಲಿ ಖಾಲಿಯಾಗುತ್ತೆ.